ಸಮುದ್ರದ ಮುಖ ನೋಡದ ಗಾಡಿ

ಈ ಕಥೆಯನ್ನು ಗಾಡಿಯಿಂದ ಶುರುಮಾಡಬೇಕೋ ಅತ್ತೆಯಿಂದಲೋ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೇನೆ. ಗಾಡಿಯಿಂದ ಶುರುಮಾಡಿದರೆ ಜಾಹೀರಾತಿನಂತಾಗುತ್ತದೆ. ಅತ್ತೆಯಿಂದ ಶುರುಮಾಡಿದರೆ ನೀವು ಈಗಲೇ ಕರ್ಚೀಫು ಹುಡುಕುತ್ತೀರಿ. ಆದ್ದರಿಂದ ಗಾಡಿಯ ಅಡಿಯಿಂದ ಶುರುಮಾಡುತ್ತೇನೆ. ಅಲ್ಲಿ ಹಲ್ಲಿನ ಡಾಕ್ಟರೊಬ್ಬಳು ಅಂಗಾತ ಮಲಗಿದ್ದಾಳೆ.

೧

ಮಾರುವವರ ಮನೆಯ ಮುಂದೆ ರಟ್ಟು ಹಾಸಿಕೊಂಡಿದ್ದಾಳೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕ್ಲಿನಿಕ್ಕಿನಿಂದ ತಂದ, ಹಲ್ಲು ಕೆದಕಿ ನೋಡುವ ಕೊಕ್ಕೆ. ಗಾಡಿ ಸೆಕೆಂಡ್ ಹ್ಯಾಂಡ್, ಪುಟ್ಟದು, ಫೋರ್ ವೀಲ್ ಡ್ರೈವ್. ಗಂಡ ಮೂರು ವಾರ ಮೊಬೈಲ್ ತಿಕ್ಕಿ ತಿಕ್ಕಿ ಹುಡುಕಿದ್ದು. ಅವನು ಬಣ್ಣ ನೋಡಿಯೇ ಒಪ್ಪಿಬಿಟ್ಟಿದ್ದ. (ಸದ್ಯಕ್ಕೆ ಅವನನ್ನು ಮಗಳ ಜೊತೆ ಮನೆಯಲ್ಲೇ ಬಿಟ್ಟಿದ್ದೇನೆ. ಪಾತ್ರಗಳು ಕಡಿಮೆಯಿದ್ದಷ್ಟೂ ನನಗೆ ಸುಖ.)

ಫೋರ್ ವೀಲೇ ಯಾಕೆ? ಹೋದ ಸಲ ಇಡೀ ಮನೆ ಸಮುದ್ರಕ್ಕೆ ಹೋಗಿದ್ದಾಗ ಹಳೇ ಕಾರು ರಸ್ತೆಯ ಕೊನೆಗೇ ನಿಂತಿತು. ಅಲ್ಲಿಂದ ನೀರಿಗೆ ಇನ್ನೂರು ಹೆಜ್ಜೆ, ಎಲ್ಲ ಮರಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅತ್ತೆ ಕಾರಿನಲ್ಲೇ ಕೂತು ಎಲ್ಲರ ಬೆನ್ನು ನೋಡಿದರು. ಗಂಡ ಊಟದ ಡಬ್ಬಿಯಲ್ಲಿ ಸಮುದ್ರದ ನೀರು ತಂದು ಅವರ ಪಾದದ ಮೇಲೆ ಸುರಿದ. ಅತ್ತೆ ನಕ್ಕರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಒದ್ದೆ ಪಾದ ಒರೆಸಿಕೊಳ್ಳಲಿಲ್ಲ. ಸೊಸೆಗೆ, ಅಂದರೆ ಈ ಡಾಕ್ಟರಮ್ಮನಿಗೆ, ಆ ನಗು ಇವತ್ತಿಗೂ ಚುಚ್ಚುತ್ತದೆ. ಅತ್ತೆಯನ್ನು ನೀರಿನ ಅಂಚಿನವರೆಗೆ ಒಯ್ಯುವ ಗಾಡಿ ಬೇಕು, ಅದೂ ಇನ್ನೊಂದು ಕಡೆಯ ಮೂಳೆ ಕೈಕೊಡುವ ಮೊದಲು.

೨

ಮಾರುವವರು ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬಗ್ಗಿ ನಿಂತು, ಗಾಡಿಯಡಿಯ ಅವಳ ಚಪ್ಪಲಿಗೆ ಹೇಳಿದರು: "ಇದು ಸಮುದ್ರದ ಮುಖ ನೋಡಿದ ಗಾಡೀನೇ ಅಲ್ಲ ಮೇಡಂ. ಆ ಫೋರ್ ವೀಲ್ ಲಿವರನ್ನ ನಾವು ಮುಟ್ಟೂ ಇಲ್ಲ."

ಅವರು ಹೆಮ್ಮೆಯಿಂದ ಹೇಳಿದ ಆ ಮಾತು ಅವಳಿಗೆ ಹಿಡಿಸಲಿಲ್ಲ. ವರ್ಷಗಟ್ಟಲೆ ಮುಟ್ಟದ ಲಿವರು ಬಿಗಿದುಕೊಂಡಿರುತ್ತದೆ, ಮರಳಿನ ಮಧ್ಯೆ ಕೈಕೊಡುತ್ತದೆ. ಮೇಲಾಗಿ ಗಾಡಿಯ ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು, ವಾಸನೆಯೂ ಆರಿರಲಿಲ್ಲ. ಕೊಕ್ಕೆಯಿಂದ ಬಡಿಯುತ್ತಾ ಹೋದಳು. ಟಕ್, ಟಕ್, ಟಕ್, ಆಮೇಲೆ ಬರೀ ದಪ್. ಚುಚ್ಚಿದರೆ ಕೊಕ್ಕೆ ಒಳಗೇ ಹೋಯಿತು. ತುಕ್ಕಿನ ಚಕ್ಕೆಯೊಂದು ಒಂದಿಷ್ಟು ಮರಳಿನ ಸಮೇತ ಅವಳ ಕೆನ್ನೆಯ ಮೇಲೆ ಉದುರಿತು.

ಇಲ್ಲಿ ನಾನು ಅವಳನ್ನು ಹೊರಗೆಳೆದು, ಮೈ ಕೊಡವಿಸಿ, ಗಾಡಿ ಬೇಡವೆನ್ನಿಸಿ, ಗತ್ತಿನಿಂದ ಹೊರಡಿಸಿದ್ದೆ. ಮೂರು ಪ್ಯಾರಾ, ಒಳ್ಳೇ ಪ್ಯಾರಾಗಳು. ಅಷ್ಟನ್ನೂ ಹೊಡೆದುಹಾಕಬೇಕಾಯಿತು. ಯಾಕೆಂದರೆ ಅವಳು ಎದ್ದು ನೋಡಿದಾಗ ಗಾಡಿಯ ಮುಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು.

[ನಾನು ಅವರನ್ನು ಮೇಷ್ಟ್ರ ಮನೆಯ ಜಗಲಿಯ ಕುರ್ಚಿಯಲ್ಲಿ ಕೂರಿಸಿದ್ದೆ. ಬೇಕಾದರೆ ಮೊದಲ ಡ್ರಾಫ್ಟ್ ತೋರಿಸುತ್ತೇನೆ.]

ಸೀಟು ಹಳೇ ಕಾರಿನಷ್ಟು ತಗ್ಗಿರಲಿಲ್ಲ, ಜೀಪಿನಷ್ಟು ಎತ್ತರವೂ ಇರಲಿಲ್ಲ. ಅತ್ತೆ ಬೆನ್ನು ಹಾಕಿ ಕೂತು, ಎರಡೂ ಕಾಲನ್ನು ತಾವೇ ಒಳಗೆಳೆದುಕೊಂಡಿದ್ದರು. ಆಪರೇಷನ್ ಆದಮೇಲೆ ಇನ್ನೊಬ್ಬರ ತೋಳು ಹಿಡಿಯದೆ ಅವರು ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಸೊಸೆಗೆ ಖುಷಿಯೂ ಆಯಿತು, ಸಿಟ್ಟೂ ಬಂತು.

೩

ಸಿಟ್ಟು ನನ್ನ ಮೇಲೆ. ಮೇಷ್ಟ್ರ ಕೈಲಿ ಸುಳ್ಳು ಹೇಳಿಸಿದ್ದು ಯಾಕೆ ಎಂದು ಕೇಳಿದಳು. ಕಥೆಗೆ ಒಬ್ಬ ಸುಳ್ಳುಗಾರ ಬೇಕಿತ್ತು ಎಂದೆ.

"ನಿಮಗೆ ಕಥೆ, ನನಗೆ ಗಾಡಿ. ಸುಳ್ಳು ಹೇಳಿದವರ ಗಾಡೀಲಿ ಅತ್ತೆನ ಮರಳಿಗಿಳಿಸೋ ಧೈರ್ಯ ನಂಗಿಲ್ಲ. ಅವರ ಬಾಯಿ ನಾನು ಬಿಡಿಸ್ತೀನಿ, ನೀವು ಸುಮ್ನಿರಿ."

ದಿನಕ್ಕೆ ಇಪ್ಪತ್ತು ಬಾಯಿ ಬಿಡಿಸುವವಳ ಎದುರು ನನ್ನದೇನು? ಅವಳು ತುಕ್ಕನ್ನೂ ಮರಳನ್ನೂ ಅಂಗೈಯಲ್ಲಿ ಹಿಡಿದು ಮೇಷ್ಟ್ರಿಗೆ ತೋರಿಸಿದಳು. ದಿನಕ್ಕೆರಡು ಸಲ ಹಲ್ಲುಜ್ಜುತ್ತೇನೆ ಎಂದು ಆಣೆಯಿಡುವವರ ಜೊತೆ ಮಾತಾಡುವ ದನಿಯಲ್ಲೇ ಹೇಳಿದಳು: "ಬೈಯೋಕಲ್ಲ ಸರ್. ಎಷ್ಟು ಆಳ ಹೋಗಿದೆ ಅಂತ ಗೊತ್ತಾಗ್ಬೇಕು, ಅಷ್ಟೆ."

ಮೇಷ್ಟ್ರು ಒಪ್ಪಿಕೊಂಡರು. ಎಂಟು ವರ್ಷ, ಒಂದು ಭಾನುವಾರವೂ ತಪ್ಪದೆ ಸಮುದ್ರ. ಮಕ್ಕಳು ಈಜು ಕಲಿತಿದ್ದೇ ಈ ಗಾಡಿಯ ದೆಸೆಯಿಂದ. ಸಂಜೆ ಸುಸ್ತಾಗಿ ಬಂದು ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ತೊಳೆಯದೆ ಬಿಟ್ಟಿದ್ದೇ ತಪ್ಪು. ನಿಜ ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂದು ಕುಂಚ ಹಿಡಿದಿದ್ದರು. ಹೇಳುತ್ತಾ ಹೇಳುತ್ತಾ ಅವರಿಗೆ ಹುರುಪು ಬಂತು. ಲಿವರ್ ಎಳೆದು ತೋರಿಸಿದರು, ಸಲೀಸಾಗಿ ಬಂತು. ಮರಳಿಗಿಳಿಯುವ ಮೊದಲು ಟೈರಿನ ಗಾಳಿ ಅರ್ಧ ಬಿಡಬೇಕು, ನಡುವೆ ನಿಲ್ಲಿಸಬಾರದು ಎಂದರು.

ಅವಳು ಮತ್ತೆ ಗಾಡಿಯಡಿ ತೂರಿ, ಉಳಿದ ಭಾಗವನ್ನೆಲ್ಲ ತಟ್ಟಿ ಬಂದಳು. ಹುಳುಕು ಹಿಡಿದದ್ದು ಒಂದೇ ಅಡ್ಡಪಟ್ಟಿಗೆ, ಬೇರೆಲ್ಲ ಗಟ್ಟಿ. ಅಷ್ಟನ್ನು ಕತ್ತರಿಸಿ ವೆಲ್ಡಿಂಗ್ ಮಾಡಿಸಿ ಕೊಡಿ, ತೆಗೆದುಕೊಳ್ಳುತ್ತೇನೆ ಎಂದಳು. ಮೇಷ್ಟ್ರು ಆಗಲಿ ಎಂದರು.

೪

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಒಂದು: ಗಾಡಿ ಮರಳಿನಲ್ಲಿ ಹೂತುಹೋಗುತ್ತದೆ, ನೀರು ಏರುತ್ತದೆ. (ಡಾಕ್ಟರಮ್ಮ: "ಗಾಳಿ ಅರ್ಧ ಬಿಟ್ಟಿದೀವಿ. ನೀವು ಬರೆದದ್ದನ್ನ ನೀವೇ ಓದಲ್ವಾ?")

ಎರಡು: ವೆಲ್ಡಿಂಗ್ ಮುಗಿದ ಮಾರನೆಯ ದಿನ ಅತ್ತೆ ತೀರಿಕೊಳ್ಳುತ್ತಾರೆ. ದಡದಲ್ಲಿ ಖಾಲಿ ಸೀಟು. ನಿಜ ಹೇಳಬೇಕೆಂದರೆ ಇದನ್ನು ಮೊನ್ನೆಯೇ ಬರೆದಿಟ್ಟುಕೊಂಡಿದ್ದೆ. ಬಹುಮಾನ ಬರುವುದು ಇಂಥದ್ದಕ್ಕೇ.

"ನನ್ನನ್ನ ಸಾಯಿಸಿ ನಿಂಗೇನಪ್ಪಾ ಸಿಗುತ್ತೆ?" ಅತ್ತೆ ಸೀಟಿನಿಂದಲೇ ಕೇಳಿದರು.

ಓದುಗರ ಕಣ್ಣೀರು ಎಂದೆ.

"ಅವರನ್ನ ಬೇರೆ ಯಾರಾದ್ರೂ ಅಳಿಸ್ಲಿ. ನಾನು ಬೆಲ್ಟ್ ಹಾಕ್ಕೊಂಡಾಯ್ತು. ಹೊರಡು."

ಮುಕ್ತಾಯ ಏಳೋ ಎಂಟೋ, ಲೆಕ್ಕ ತಪ್ಪಿತು

ವೆಲ್ಡಿಂಗ್ ಮುಗಿಸಿ, ಮನೆಯಲ್ಲಿ ಬಿಟ್ಟಿದ್ದ ಗಂಡನನ್ನೂ ಮಗಳನ್ನೂ ಹತ್ತಿಸಿಕೊಂಡು ಹೊರಟೆವು. ರಸ್ತೆ ಮುಗಿದಲ್ಲಿ ಗಂಡ ಟೈರಿನ ಗಾಳಿ ಬಿಟ್ಟ. ಸೊಸೆ ಲಿವರ್ ಎಳೆದಳು. ಗಾಡಿ ಒಮ್ಮೆ ಗೊಣಗಿ ಮರಳಿಗಿಳಿಯಿತು, ಎಲ್ಲೂ ನಿಲ್ಲದೆ ನೀರಿಗೆ ಹತ್ತು ಹೆಜ್ಜೆಯ ದೂರಕ್ಕೆ ಬಂತು. ಮಗಳು ಮೊದಲು ಜಿಗಿದಳು. ಅತ್ತೆ ಕಾಲು ಹೊರಗಿಟ್ಟು, ಸೊಸೆಯ ತೋಳು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟರು. ಅಲೆ ಬರುತ್ತಿತ್ತು. ಅದು ಅವರ ಪಾದ ಮುಟ್ಟುವ ಒಂದು ವಾಕ್ಯಕ್ಕಾಗಿಯೇ ಉಳಿದದ್ದನ್ನೆಲ್ಲ ಬರೆದವನು ನಾನು, ಪೆನ್ನು ಹಿಡಿದು ಕಾದೆ.

ಅತ್ತೆ ನಿಂತು ನನ್ನತ್ತ ನೋಡಿದರು.

"ನೀನು ಅತ್ಲಾಗೆ ತಿರುಗು."

ಯಾಕೆ ಎಂದೆ.

"ಬಟ್ಟೆ ಮಂಡಿ ಮೇಲೆ ಎತ್ಕೋಬೇಕು. ಅಳು ಬಂದ್ರೂ ಬರಬಹುದು. ಅದೆಲ್ಲ ನಿನ್ನ ಪುಸ್ತಕಕ್ಕಲ್ಲ. ಓದ್ತಿರೋರಿಗೂ ಹೇಳು."

ಸೊಸೆಯ ಮುಖ ನೋಡಿದೆ. ಅವಳಾದರೂ ನನ್ನ ಪರ ವಹಿಸುತ್ತಾಳೇನೋ ಎಂಬ ಆಸೆ. ಅವಳು ಗಲ್ಲದಲ್ಲೇ ರಸ್ತೆಯ ಕಡೆ ತೋರಿಸಿದಳು.

ತಿರುಗಿ ನಿಂತಿದ್ದೇನೆ. ಎದುರಿಗೆ ಮರಳು, ಅದರ ಮೇಲೆ ನಾವು ಬಂದ ಟೈರಿನ ಗುರುತು. ಬೆನ್ನ ಹಿಂದೆ ನೀರು ಬಂದ ಸದ್ದಾಯಿತು. ನೀವೂ ತಿರುಗಿ, ದಯವಿಟ್ಟು. ಎಷ್ಟು ಹೊತ್ತು ಎಂದು ಅವರು ಹೇಳಿಲ್ಲ.