ಮೋರಿಗೆ ಸುರಿದ ಹಸಿರು

ಮೊದಲ ಕಲ್ಲು ಜೀಪಿನ ಗಾಜಿಗೆ ಬಿತ್ತು. ಎರಡನೆಯದು ಡ್ರೈವರನ ಹುಬ್ಬಿಗೆ. ಅವನು ಹಣೆ ಮುಟ್ಟಿ, ಕೈಗಂಟಿದ ರಕ್ತ ನೋಡಿಕೊಂಡ. "ಗಾಜಿಗೆ ಇನ್ಶೂರೆನ್ಸ್ ಇದೆ ಮೇಡಂ, ನನಗೇ ಇಲ್ಲ" ಎನ್ನುವಷ್ಟರಲ್ಲಿ ಯಾರ್ಯಾರದೋ ಕೈಗಳು ಅವನ ಕಾಲರು ಹಿಡಿದು ಬೀದಿಗೆ ಎಳೆದವು.

ಬೀದಿಯ ನಲ್ಲಿಯಿಂದ ಹಸಿರು ನೀರು ಸುರಿಯುತ್ತಿತ್ತು. ಬೆಳಿಗ್ಗೆ ತಿರುವಿನ ಮೋರಿಗೆ ಆ ಬಣ್ಣ ಸುರಿದವಳು ಜೀಪಿನಲ್ಲಿ ಕೂತಿದ್ದ ಅವಳೇ. ವಾಂತಿಭೇದಿ ಯಾವ ದಾರಿಯಲ್ಲಿ ಮನೆ ಹೊಗುತ್ತದೆಂದು ಹುಡುಕುತ್ತಲೇ ತಲೆ ನರೆಸಿಕೊಂಡ ಸಂಶೋಧಕಿ. ಇಲ್ಲಿ ಮೋರಿಯ ಕೊಳಕು ಕುಡಿಯುವ ನೀರಿನ ಒಡೆದ ಕೊಳವೆಗೆ ಸೇರುತ್ತಿದೆ ಎಂದು ಎಷ್ಟು ಬಡಿದುಕೊಂಡರೂ ನೀರಿನ ಇಲಾಖೆಯ ಎಂಜಿನಿಯರ್ ನಕ್ಕಿದ್ದ: "ಕಣ್ಣಿಗೆ ಕಾಣೋ ಹಾಗೆ ತೋರಿಸಿ ಮೇಡಂ, ನಂಬ್ತೀನಿ." ಮೋರಿಗೆ ಚಿಟಿಕೆ ಬಣ್ಣದ ಪುಡಿ ಹಾಕಿದ್ದರೆ ಸಾಕಿತ್ತು, ಅದು ನಲ್ಲಿ ನೀರಿಗೆ ಬಂದದ್ದನ್ನು ಯಂತ್ರ ಹಿಡಿದುಕೊಡುತ್ತಿತ್ತು. ಸಿಟ್ಟಿನ ಭರದಲ್ಲಿ ಅವಳು ಡಬ್ಬಿಯನ್ನೇ ಕವುಚಿದ್ದಳು. ಕಾಣಲಿ, ಎಲ್ಲರಿಗೂ ಕಾಣಲಿ!

ಕಂಡಿತು. ಎಂಜಿನಿಯರನಿಗಲ್ಲ, ಆಗಷ್ಟೇ ಒಂದು ಮಗುವನ್ನು ಮಣ್ಣು ಮಾಡಿ ಬಂದಿದ್ದ ಬೀದಿಗೆ.

"ವಿಷ ಹಾಕಿದೋಳು ಇವಳೇ! ಬೆಳಿಗ್ಗೆ ನಾನೇ ನೋಡ್ದೆ!" ಸತ್ತ ಮಗುವಿನ ಚಿಕ್ಕಮ್ಮ ಅವಳ ಜುಟ್ಟಿಗೆ ಕೈ ಹಾಕಿ ಜೀಪಿನಿಂದ ಕೆಳಗೆ ಕೆಡವಿದಳು.

"ಬರೀ ಬಣ್ಣ ಕಣಮ್ಮ ಅದು! ಮೋರಿಗೆ ಹಾಕಿದ್ದು ನಿಮ್ಮ ನಲ್ಲೀಲಿ ಬಂತು, ನೋಡಿ. ನೀವು ಕುಡೀತಿರೋದೇ ಮೋರಿ ನೀರು!"

"ಹೇಲು ತಿನ್ನೋರು ಅಂತೀಯೇನೇ ನಮ್ಮನ್ನ?" ಕೆನ್ನೆಗೆ ಏಟು ಬಿತ್ತು.

ಸಂಶೋಧಕಿ ಕೈಚೀಲದಿಂದ ಬಣ್ಣದ ಡಬ್ಬಿ ತೆಗೆದು, ಅದರ ತಳ ನೆಕ್ಕಿ ನಾಲಿಗೆ ಚಾಚಿ ತೋರಿಸಿದಳು. ಯಾರೂ ನೋಡಲಿಲ್ಲ. ಅತ್ತ ಡ್ರೈವರನ ಪಕ್ಕೆಗೆ ಒದೆಗಳು ಬೀಳುತ್ತಲೇ ಇದ್ದವು. ಒಬ್ಬ ಮೋರಿಯ ಚಪ್ಪಡಿ ಕಿತ್ತು ಅವನ ತಲೆಯ ಮೇಲಕ್ಕೆ ಎತ್ತಿ ಹಿಡಿದ.

"ತಡಿಯೋ." ಚಿಕ್ಕಮ್ಮ ನಲ್ಲಿಗೆ ಚೊಂಬು ಒಡ್ಡಿದಳು. "ವಿಷ ಅಲ್ಲ ತಾನೆ? ಇದನ್ನ ಕುಡಿ. ಅವನ್ನ ಬಿಡ್ತೀವಿ."

ಕುಡಿದರೆ ಈ ನೀರು ಒಳ್ಳೆಯದೆಂದು ತಾನೇ ಸಾರಿದಂತೆ. ಕುಡಿಯದಿದ್ದರೆ ಚಪ್ಪಡಿ ಇಳಿಯುತ್ತದೆ.

"ಬೇಡ ಮೇಡಂ..." ಡ್ರೈವರನ ಬಾಯಿಂದ ಮಾತಿನ ಜೊತೆ ಒಂದು ಹಲ್ಲೂ ಬಿತ್ತು. "ನೀವೇ ಹೇಳಿದ್ರಲ್ಲ, ಅದು..."

ಚಪ್ಪಡಿ ಹಿಡಿದ ತೋಳುಗಳು ಭಾರಕ್ಕೆ ಕೆಳಗಿಳಿಯತೊಡಗಿದ್ದವು. ಅವಳು ಚೊಂಬನ್ನು ಕಸಿದುಕೊಂಡು ತಳದವರೆಗೆ ಕುಡಿದಳು.

ಚಪ್ಪಡಿ ಪಕ್ಕಕ್ಕೆ ಬಿದ್ದು ಎರಡು ಹೋಳಾಯಿತು. ಅವಳು ತೆವಳಿಕೊಂಡು ಹೋಗಿ ಡ್ರೈವರನ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು.

"ನೀವ್ಯಾರೂ ಕುಡೀಬೇಡಿ," ಕಿರುಚಿದಳು. "ಇವನು ಉಳೀಲಿ ಅಂತ ಕುಡಿದೆ ನಾನು. ಕುಡೀಬೇಡಿ!"

"ಆಯ್ತು ಬಿಡು ತಾಯಿ, ನೀನೇ ಕುಡಿದ್ಯಲ್ಲ." ಯಾರದೋ ದನಿಯಲ್ಲಿ ಈಗ ಮರ್ಯಾದೆಯಿತ್ತು.

ಚಿಕ್ಕಮ್ಮ ಚೊಂಬು ತುಂಬಿಸಿಕೊಂಡು ಬಂದಳು. ಸೆರಗಿನಿಂದ ಡ್ರೈವರನ ಮುಖದ ರಕ್ತ ಒರೆಸಿದಳು. "ತಪ್ಪಾಯ್ತು ಕಣಪ್ಪ. ಎರಡು ಗುಟುಕು ಕುಡಿ," ಎನ್ನುತ್ತಾ ಚೊಂಬನ್ನು ಅವನ ಸೀಳಿದ ತುಟಿಗೆ ಬಾಗಿಸಿದಳು.

ಸಂಶೋಧಕಿ ಅವನ ಬಾಯಿಗೆ ಅಂಗೈ ಅಡ್ಡ ಒತ್ತಿದಳು. ನೀರು ಅವಳ ಬೆರಳುಗಳ ಮೇಲೆ ಹರಿಯಿತು. ಬೆನ್ನ ಹಿಂದೆ ನಲ್ಲಿಯ ಕೆಳಗೆ ಕೊಡವೊಂದು ತುಂಬುವ ಸದ್ದು ಏರುತ್ತಿತ್ತು.