ಚಾಮುಂಡಿಯ ಎರಡನೆಯ ಕೀಲು

ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಅಟೆಂಡರ್ ಆಗಿದ್ದ ಚಾಮುಂಡಿ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡಿದ್ದಳು. ಮೈಸೂರಿನಲ್ಲಿ ಲೋಹದ ಕೀಲು ಹಾಕಿಸಿದ್ದಾಯಿತು. ಎರಡೇ ವರ್ಷಕ್ಕೆ ಅದು ತೊಡೆಮೂಳೆಯೊಳಗೆ ಸಡಿಲವಾಗಿ, ಹೆಜ್ಜೆ ಇಟ್ಟಲ್ಲೆಲ್ಲ ನೋವು. ೧೯೯೬ರ ಬೇಸಿಗೆಯಲ್ಲಿ ಅದನ್ನು ತೆಗೆದು ಬೇರೆಯದನ್ನು ಹಾಕಬೇಕಾಯಿತು.

ಆಪರೇಷನ್ನಿಗೆ ಮುಂಚೆ ಡಾಕ್ಟರು ಹೊಸ ಕೀಲಿನ ಮಾದರಿಯನ್ನು ಅವಳ ಕೈಗೆ ಕೊಟ್ಟರು. ಮೂಳೆಯೊಳಗೆ ಇಳಿಯುವ ಭಾಗ ಮರಳು ಮೆತ್ತಿದ ಹಾಗೆ ತರಿತರಿಯಾಗಿತ್ತು.

"ಹಳೇದು ನುಣ್ಣಗಿತ್ತಮ್ಮ. ಮೂಳೆ ಮಜ್ಜೇಲಿ ಎಳೇ ಜೀವಕೋಶಗಳಿರ್ತವೆ, ಇನ್ನೂ ಇಂಥದ್ದೇ ಆಗ್ಬೇಕು ಅಂತ ಗೊತ್ತಾಗದವು. ನುಣುಪಲ್ಲಿ ಅವಕ್ಕೆ ಹಿಡಿತ ಸಿಗದೆ ನಾರಾಗಿ ಬೆಳೆದುಬಿಟ್ವು. ಈ ತರಿಗೆ ಕಚ್ಚಿಕೊಂಡ್ರೆ ಮೂಳೆಯಾಗ್ತವೆ. ಆದ್ರೆ ಕೀಲು ಅಲುಗಬಾರದು. ನಾನು ಹೇಳೋವರೆಗೂ ಆ ಕಾಲೂರಬೇಡಿ."

ಗಂಡ ಮಹಾಲಿಂಗ ಕೇರಳದ ಕಡೆ ಲಾರಿ ಓಡಿಸುತ್ತಿದ್ದ. ಮನೆಗೆ ಬರುವುದೇ ಅಪರೂಪ. ಹಾಗಾಗಿ ಆಪರೇಷನ್ ಆಗಿ ಚಾಮುಂಡಿ ಮನೆಗೆ ಬಂದ ಮೇಲೆ ಮಲಮೂತ್ರದ ಪಾತ್ರೆಯಿಂದ ಸ್ನಾನದವರೆಗೆ ಎಲ್ಲವೂ ಅತ್ತೆ ಪುಟ್ಟಸಿದ್ದಮ್ಮನ ಪಾಲಿಗೆ ಬಂತು. ಮೊದಲೆಲ್ಲ ಸಾರಿನ ಉಪ್ಪಿಗೂ ಜಗಳವಾಡುತ್ತಿದ್ದವರು ಅವರಿಬ್ಬರು. ಈಗ ಜಗಳಕ್ಕೂ ತ್ರಾಣವಿರಲಿಲ್ಲ. ಒಬ್ಬಳು ಮಲಗಿ ಸುಸ್ತಾಗಿದ್ದಳು, ಇನ್ನೊಬ್ಬಳು ಓಡಾಡಿ.

ಒಂದು ಬೆಳಿಗ್ಗೆ ನೀರಿನ ಬಕೆಟ್ ಎತ್ತಿದ ಪುಟ್ಟಸಿದ್ದಮ್ಮ ಹಿತ್ತಿಲ ಬಾಗಿಲಲ್ಲೇ ಕುಸಿದುಬಿದ್ದಳು. ಚಾಮುಂಡಿ ಕೂಗಿದಳು. ಅಕ್ಕಪಕ್ಕದವರೆಲ್ಲ ಕೂಲಿಗೆ ಹೋಗಿದ್ದರು. ಅವಳು ಮಂಚದಿಂದ ಇಳಿದು, ಗೋಡೆ ಹಿಡಿದು, ಎರಡೂ ಕಾಲೂರಿಯೇ ನಡೆದಳು. ತೊಡೆಯೊಳಗೆ ಚಳಕ್ ಎಂದಿತು. ಅತ್ತೆಯ ಪಕ್ಕ ಹಾಗೇ ಕುಸಿದು ಮುಖಕ್ಕೆ ನೀರು ಚಿಮುಕಿಸಿದಳು.

ಪುಟ್ಟಸಿದ್ದಮ್ಮ ಕಣ್ಣು ಬಿಟ್ಟಳು. "ಯಾಕವ್ವಾ ಎದ್ದೆ? ಡಾಕ್ಟ್ರು ಏನಂದಿದ್ರು?"

"ನೀವು ಬಿದ್ದಿದ್ರಲ್ಲತ್ತೆ."

"ಸತ್ರೆ ಸಾಯ್ತಿದ್ದೆ ಬುಡು."

"ಆಮೇಲೆ ನನ್ನ ಯಾರು ನೋಡ್ಕತಿದ್ರು?"

ಹೇಳಿದ್ದು ತಮಾಷೆಗೋ ನಿಜಕ್ಕೋ ಚಾಮುಂಡಿಗೇ ತಿಳಿಯಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯ ಯಶೋದಮ್ಮ ಬರುವವರೆಗೂ ಇಬ್ಬರೂ ಗೋಡೆಗೆ ಒರಗಿಯೇ ಕೂತಿದ್ದರು.

ಅದೇ ಡಾಕ್ಟರು ವಾರಕ್ಕೊಮ್ಮೆ ಚಾಮರಾಜನಗರಕ್ಕೆ ಬರುತ್ತಿದ್ದರು. ಎರಡು ತಿಂಗಳ ಮೇಲೆ ಅತ್ತೆ ಸೊಸೆ ಅಲ್ಲಿಗೇ ಹೋದರು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೇಲ್ಗಡೆ ಮೂಳೆ ಚೆನ್ನಾಗಿ ಕಚ್ಚಿಕೊಂಡಿದೆ. ಕೆಳಗೆ ಒಂದು ಪಕ್ಕ ಕಪ್ಪು ಗೆರೆ ಇದೆ, ನೋಡಿ. ಅಲ್ಲಿ ಅಲುಗಿ ನಾರಾಗಿರಬೇಕು."

"ನಡೀಬೋದಾ ಸಾರ್?" ಚಾಮುಂಡಿ ಕೇಳಿದಳು.

"ನಡೀಬಹುದು. ಕೋಲು ಮಾತ್ರ ಬಿಡಬೇಡಿ."

"ಯಾವಾಗ್ಲೂವಾ?"

"ಬಹುಶಃ."

ಪುಟ್ಟಸಿದ್ದಮ್ಮನ ಮುಖ ಬಾಡಿತು. "ನನ್ ದೆಸೆಯಿಂದ ಇಂಗಾಯ್ತು ಕಣವ್ವ."

"ಅರ್ಧ ಇಡ್ಕಂಡದಲ್ಲ, ಸಾಕು ಬುಡಿ," ಎಂದಳು ಚಾಮುಂಡಿ. ಅವಳಿಗೆ ಅಳುವೂ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಮಲಗಿದರೆ ಸಾಕೆನಿಸಿತ್ತು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಪುಟ್ಟಸಿದ್ದಮ್ಮ ಸೊಸೆಯ ಭುಜಕ್ಕೆ ತಲೆಯೊರಗಿಸಿ ನಿದ್ದೆಹೋದಳು. ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಎಬ್ಬಿಸಲು ಕೈಯೆತ್ತಿದ ಚಾಮುಂಡಿ ಸುಮ್ಮನಾದಳು. ಇನ್ನೊಂದು ಬರುತ್ತದೆ ಅಂದುಕೊಂಡಳು.