ಅಮ್ಮನಿಗೆ ಕೇಳಿಸದ ಅಜಾನ್

ಲಾರಿಯವನು ಬ್ರೇಕ್ ಒತ್ತದಿದ್ದರೆ ಆ ಅಜ್ಜಿ ಅಂದು ಉಳಿಯುತ್ತಿರಲಿಲ್ಲ. ಅವನು ಹಿಂದಿನಿಂದ ಹಾರ್ನ್ ಹೊಡೆದದ್ದೇ ಹೊಡೆದದ್ದು. ಅಜ್ಜಿ ಮಾತ್ರ ನಡುರಸ್ತೆಯಲ್ಲಿ ನಿಂತು ಮಸೀದಿಯ ಬಾಗಿಲನ್ನೇ ನೋಡುತ್ತಿದ್ದರು. ಎದುರಿನ ಹೊಲಿಗೆ ಅಂಗಡಿಯಿಂದ ದರ್ಜಿ ಅಕ್ಕ ಓಡಿಬಂದು, ರಟ್ಟೆ ಹಿಡಿದು ಅವರನ್ನು ಈಚೆಗೆ ಎಳೆದಳು.

"ರಸ್ತೆ ಮಧ್ಯ ಏನು ಮಾಡ್ತಿದ್ರಮ್ಮ?" ಎಂದು ಎದುರಿಗೆ ನಿಂತು ನಿಧಾನವಾಗಿ ಕೇಳಿದಳು.

"ಜನ ನಮಾಜಿಗೆ ಹೊರಟ್ರಾ ಅಂತ ನೋಡ್ತಿದ್ದೆ. ಅಜಾನ್ ನಂಗೆ ಕೇಳಿಸಲ್ವಲ್ಲ ಮಗಳೇ."

"ಹೊತ್ತಾಯ್ತಾ ಅಂತ ಮಗನನ್ನ ಕೇಳಬಾರದಾ?"

"ಕೇಳ್ತಿದ್ದೆ. ಅವನಿಗೆ ಕೆಲಸ ಜಾಸ್ತಿ, ಪಾಪ. ಮತ್ತೆ ಮತ್ತೆ ಕೇಳೋದು ಬೇಡ ಅನ್ನಿಸ್ತು."

ದರ್ಜಿ ಅಕ್ಕನ ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ಮಗ ಯಾರೆಂದುಕೊಂಡಿರಿ? ಬೀದಿಯವರೆಲ್ಲ ಮೈಕ್ ಭಾಯಿ ಎಂದು ಕರೆಯುವ, ಧ್ವನಿವರ್ಧಕ ರಿಪೇರಿ ಮಾಡುವವನು. ಮಸೀದಿಯ ಮೈಕು ಕೊಂಚ ಗೊರಗೊರ ಎಂದರೂ ಉಣ್ಣುವ ತಟ್ಟೆ ಬಿಟ್ಟು ಓಡುವ ಪುಣ್ಯಾತ್ಮ.

ಅಜ್ಜಿಯನ್ನು ಮನೆಯಲ್ಲಿ ಕೂರಿಸಿ, ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ಸಮೇತ ಅವಳು ಅವನ ಅಂಗಡಿಗೆ ನುಗ್ಗಿದಳು. ಅವನು ಮಸೀದಿಯ ಮೈಕು ಹಿಡಿದು "ಹಲೋ, ಹಲೋ" ಎನ್ನುತ್ತಿದ್ದ.

"ಅದನ್ನ ಕೆಳಗಿಡು ತಮ್ಮ. ನಿಮ್ಮಮ್ಮ ಈಗ ಲಾರಿ ಕೆಳಗೆ ಹೋಗ್ತಿದ್ರು."

ಅವನ ಮುಖ ಬಿಳಿಚಿಕೊಂಡಿತು. ತಾಯಿಗೆ ಏನೂ ಆಗಿಲ್ಲ ಎಂದು ತಿಳಿದದ್ದೇ ತಡ, ಹಳೇ ರಾಗ ಶುರುವಾಯಿತು. "ನಾನೇನು ಮಾಡ್ಲಿ ಅಕ್ಕ? ವಯಸ್ಸಾಯ್ತು, ಕಿವಿ ಹೋಯ್ತು. ಕಿರುಚಿ ಕಿರುಚಿ ನನ್ನ ಗಂಟಲೇ ಬಿದ್ದುಹೋಗಿದೆ. ಊಟ ಬಟ್ಟೆಗೆ ಏನಾದ್ರೂ ಕಡಿಮೆ ಮಾಡಿದ್ದೀನಾ?"

"ಊಟ ಬಟ್ಟೆ ಜೈಲಲ್ಲೂ ಕೊಡ್ತಾರೆ. ಹೆತ್ತವರು ಮುಪ್ಪಾದಾಗ ಅವರಿಗೆ 'ಉಫ್' ಅಂತ ಕೂಡ ಅನ್ನಬಾರದು ಅನ್ನೋದು ಅಲ್ಲಾಹನ ಅಪ್ಪಣೆ. ಗೊತ್ತಿಲ್ವಾ ನಿಂಗೆ?"

"ಗೊತ್ತು." ಅವನು ತಲೆ ತಗ್ಗಿಸಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ವಾದ ಮಾತ್ರ ಬಿಡಲಿಲ್ಲ. "ಬೇಜಾರಲ್ಲಿ ಅಂದಿರ್ತೀನಿ. ಆದ್ರೆ ಅಮ್ಮಂಗೆ ಅದು ಕೇಳಿಸೋದೇ ಇಲ್ವಲ್ಲ. ಕೇಳಿಸದ ಮೇಲೆ ನೋವೆಲ್ಲಿ ಬಂತು?"

ಎಂಥ ಬುದ್ಧಿವಂತಿಕೆ ನೋಡಿ. ಹೆತ್ತವಳ ಕಿವುಡನ್ನೇ ಅವನು ತನ್ನ ತಪ್ಪಿಗೆ ಮರೆ ಮಾಡಿಕೊಂಡಿದ್ದ.

"ಊರಿಗೆಲ್ಲ ಅಜಾನ್ ಕೇಳಿಸೋ ಹಾಗೆ ಮಾಡ್ತೀಯ. ಅದಕ್ಕೇ ಕಾದು ಕೂತಿರೋ ಅಮ್ಮ ರಸ್ತೆಗಿಳೀಬೇಕು. ಕೆಟ್ಟ ಮೈಕನ್ನ ಬಿಚ್ಚಿ ನೋಡದೆ ಎಸೀತೀಯಾ? ಅಮ್ಮನ ಕಿವೀನ ಯಾವತ್ತಾದ್ರೂ ಡಾಕ್ಟರಿಗೆ ತೋರಿಸಿದ್ದೀಯಾ?"

ಅವನು ಇಲ್ಲವೆಂದು ತಲೆಯಾಡಿಸಿ ಮೈಕನ್ನು ಕೆಳಗಿಟ್ಟ.

"ನಮ್ಮ ಮಾವನಿಗೂ ಹೀಗೇ ಆಗಿತ್ತು. ಕಿವೀಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ರೂ ಕೇಳಿಸಲ್ಲ, ಅದನ್ನ ಡಾಕ್ಟರು ತೆಗೀತಾರೆ. ಬೇರೆ ತೊಂದರೆ ಇದ್ರೆ ಕಿವಿಗೆ ಹಾಕೋ ಮಶೀನಿದೆ. ನೀನಾಗಿ ಕಡ್ಡಿ, ಎಣ್ಣೆ ಹಾಕೋಕೆ ಹೋಗಬೇಡ. ನಾಳೇನೇ ಕರ್ಕೊಂಡು ಹೋಗು."

ಮರುದಿನ ಅವನು ಅಂಗಡಿಗೆ ಬೀಗ ಹಾಕಿದ. ಆಸ್ಪತ್ರೆಯಲ್ಲಿ ಒಂದು ಕಿವಿಯ ಗುಗ್ಗೆ ತೆಗೆದರು. ಇನ್ನೊಂದನ್ನು ಪರೀಕ್ಷಿಸಿ, ಕೆಲವು ದಿನ ಬಿಟ್ಟು ಮಶೀನು ಕೊಡುವುದಾಗಿ ಹೇಳಿದರು. ಮನೆಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ಅಜಾನ್ ಮೊಳಗಿತು. ಅಜ್ಜಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಕೊನೆಯವರೆಗೂ ಅಲುಗಾಡದೆ ಕೇಳಿದರು. ಕಣ್ಣು ತುಂಬಿತ್ತು.

"ನಿನ್ನ ಮೈಕು ಚೆನ್ನಾಗಿದೆ ಕಣೋ" ಎಂದರು.

ಮಗ ಅವರ ಕಾಲ ಬಳಿ ಕುಸಿದು ಕೂತ. "ತಪ್ಪಾಯ್ತಮ್ಮ. ನಾನು ಉಫ್ ಅಂದದ್ದು ನಿಂಗೆ ಕೇಳಿಸಲ್ಲ ಅಂದ್ಕೊಂಡಿದ್ದೆ."

"ಕೇಳಿಸ್ತಿರಲಿಲ್ಲ ಮಗಾ. ನಿನ್ನ ಮುಖದಲ್ಲಿ ಕಾಣಿಸ್ತಿತ್ತು."

ಇದನ್ನು ಓದುತ್ತಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮಸೀದಿಗೆ ಮಾಡುವ ಸೇವೆ ದೊಡ್ಡದೇ. ಆದರೆ ಅಲ್ಲಿಗೆ ಹೊರಡುವ ಮುನ್ನ ಮನೆಯ ಮೂಲೆಯಲ್ಲಿ ಕೂತಿರುವ ಹಿರಿಯರ ಕಡೆ ಒಮ್ಮೆ ತಿರುಗಿ. ಕೇಳಿದ್ದನ್ನೇ ಮತ್ತೆ ಕೇಳಿದರೆ ಸಿಡುಕಬೇಡಿ. ಮುಖ ಕಾಣುವಂತೆ ಕೂತು ನಿಧಾನವಾಗಿ ಹೇಳಿ. ಕಿವಿ ಮಂದವಾಗಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಿ. ನಿಮ್ಮ ತಾಯಿ ನಿಮ್ಮ ಬಳಿ ಏನಾದರೂ ಕೇಳುವುದನ್ನೇ ನಿಲ್ಲಿಸಿದ್ದರೆ, ಏಕೆ ನಿಲ್ಲಿಸಿದರು ಎಂದು ಇವತ್ತೇ ಹೋಗಿ ವಿಚಾರಿಸಿ.